ಮಳೆಗೊಂದು ಖಾತೆಪುಸ್ತಕ

ದಾವಣಗೆರೆಯಲ್ಲಿ ನಲ್ಲಿಗೆ ನೀರು ಬರುವ ದಿನ ಮನೆಮನೆಯ ಗಡಿಬಿಡಿ ಎಂತಹುದೆಂಬುದನ್ನು ನಿಮಗೆ ನಾನು ಹೇಳಬೇಕಾಗಿಲ್ಲ. ಕೊಡ, ಬಕೆಟ್ಟು, ಹಂಡೆ, ಡ್ರಮ್ಮು ಎಲ್ಲವೂ ತುಂಬಬೇಕು. ತುಂಬಿದ ಮೇಲೆ ಆ ನೀರು ಎಲ್ಲಿಂದ ಬಂದಿತೆಂದು ಕೇಳುವವರು ವಿರಳ. ಒಮ್ಮೆ ಎಂಟನೆಯ ತರಗತಿಯ ಮಕ್ಕಳನ್ನು ಇದನ್ನೇ ಕೇಳಿದೆ. "ನಲ್ಲಿಯಿಂದ ಸಾರ್" ಎಂದನೊಬ್ಬ. "ದೊಡ್ಡ ಟ್ಯಾಂಕಿನಿಂದ ಸಾರ್" ಎಂದಳು ಇನ್ನೊಬ್ಬಳು. ಟ್ಯಾಂಕಿನ ಹಿಂದಕ್ಕೆ ಹೋದವರು ಯಾರೂ ಇರಲಿಲ್ಲ.

ನಾನು ಕನ್ನಡ ಪಂಡಿತ, ವಿಜ್ಞಾನದ ಮೇಷ್ಟರಲ್ಲ. ಅಂದು ನಾನು ಕಲಿಸುತ್ತಿದ್ದುದು ನದಿಯ ವರ್ಣನೆಯುಳ್ಳ ಒಂದು ಪದ್ಯಭಾಗ. ತಾನು ಕುಡಿಯುವ ನದಿ ಯಾವುದೆಂದು ಅರಿಯದ ಮಗುವಿಗೆ ನದಿಯ ವರ್ಣನೆಯನ್ನು ಬಾಯಿಪಾಠ ಮಾಡಿಸುತ್ತಿದ್ದೇನಲ್ಲ ಎಂದು ನನಗೇ ನಾಚಿಕೆಯಾಯಿತು. ಪರಿಸರದ ಪಾಠ ಬಾಯಿಗೆ ಬಂದರೆ ಸಾಲದು, ಕೈಗೆ ಹತ್ತಬೇಕು ಎಂದು ನಾನೀಗ ನಿಮ್ಮ ಮುಂದೆ ಹೇಳುವುದಕ್ಕೆ ಆ ನಾಚಿಕೆಯೇ ಮೂಲ.

ಮುಂದಿನ ಶನಿವಾರ ಮಕ್ಕಳನ್ನು ಕರೆದುಕೊಂಡು ಹೊರಟೆವು. ನಮ್ಮ ಊರಿಗೆ ನೀರು ಬರುವುದು ಎರಡು ದಾರಿಯಲ್ಲಿ. ಹರಿಹರದ ಬಳಿಯ ರಾಜನಹಳ್ಳಿಯಲ್ಲಿ ತುಂಗಭದ್ರೆಯ ನೀರನ್ನು ಎತ್ತಿ ತರುವುದು ಒಂದು; ಭದ್ರಾ ನಾಲೆಯ ನೀರನ್ನು ಕುಂದವಾಡ ಕೆರೆ, ಟಿ.ವಿ. ಸ್ಟೇಷನ್ ಕೆರೆಗಳಲ್ಲಿ ತುಂಬಿಸಿಕೊಳ್ಳುವುದು ಇನ್ನೊಂದು. ಮೊದಲು ಕುಂದವಾಡ ಕೆರೆಯ ಏರಿಯ ಮೇಲೆ ನಡೆದೆವು. ಅಲ್ಲಿಂದ ಹರಿಹರಕ್ಕೆ. ಹೊಯ್ಸಳರ ಕಾಲದಲ್ಲಿ, 13ನೆಯ ಶತಮಾನದಲ್ಲಿ, ಕಟ್ಟಿದ ಹರಿಹರೇಶ್ವರ ದೇವಾಲಯವನ್ನು ನೋಡಲು ಎಷ್ಟೋ ಜನ ಬರುತ್ತಾರೆ. ಚನ್ನಗಿರಿ ಕಡೆಯ ಸೂಳೆಕೆರೆಯ, ಎಂದರೆ ಶಾಂತಿಸಾಗರದ, ನೀರನ್ನು ಹೊತ್ತುಬರುವ ಹರಿದ್ರಾ ಹೊಳೆ ಅದೇ ಊರಿನಲ್ಲಿ ತುಂಗಭದ್ರೆಯನ್ನು ಕೂಡುವುದನ್ನು ಗಮನಿಸುವವರು ಕಡಿಮೆ. ಹರಿಹರರ ಸಂಗಮವನ್ನು ಕಲ್ಲಿನಲ್ಲಿ ಕಂಡವರು ನೀರಿನ ಸಂಗಮವನ್ನೂ ಕಾಣಬೇಡವೆ?

ಮಕ್ಕಳನ್ನು ನೀರಿಗಿಳಿಸಲಿಲ್ಲ. ದೊಡ್ಡವರು ಹಗ್ಗ ಕಟ್ಟಿದ ತಂಬಿಗೆಯಿಂದ ಎರಡು ಹೊಳೆಗಳ ನೀರನ್ನೂ ತೆಗೆದು ಎರಡು ಗಾಜಿನ ಸೀಸೆಗಳಲ್ಲಿ ತುಂಬಿದರು. ಸೀಸೆಯ ಹಿಂದೆ ಅಚ್ಚಿನ ಅಕ್ಷರವಿರುವ ಕಾಗದ ಹಿಡಿದು, ಅಕ್ಷರ ಎಷ್ಟು ಸ್ಪಷ್ಟವಾಗಿ ಕಾಣುವುದೆಂದು ಬರೆದುಕೊಂಡರು. ಮರುದಿನದವರೆಗೆ ಅಲುಗಿಸದೆ ಇಟ್ಟು, ತಳದಲ್ಲಿ ಕೂತ ಮಣ್ಣು ಎಷ್ಟೆಂದು ಅಳೆದರು. ತಿಳಿಯಾದ ನೀರೆಲ್ಲ ಶುದ್ಧವಾದ ನೀರಲ್ಲ, ರೋಗದ ಕ್ರಿಮಿ ಕಣ್ಣಿಗೆ ಕಾಣುವುದಿಲ್ಲ ಎಂಬುದನ್ನೂ ಆಗಲೇ ಹೇಳಿಕೊಟ್ಟದ್ದಾಯಿತು. ಇನ್ನು ಕೆಲವರು ಸ್ನಾನಘಟ್ಟದ ಹತ್ತು ಹೆಜ್ಜೆಯಷ್ಟು ಜಾಗದಲ್ಲಿ ಬಿದ್ದಿದ್ದುದನ್ನೆಲ್ಲ ಪಟ್ಟಿ ಮಾಡಿದರು. ಪ್ಲಾಸ್ಟಿಕ್ ಚೀಲ, ಹಳೆಯ ಬಟ್ಟೆ, ಶಾಂಪೂ ಪೊಟ್ಟಣ, ಒಡೆದ ದೇವರ ಪಟ. ಪಟ್ಟಿ ಓದಿದ ಹುಡುಗಿ ಕೊನೆಗೆ ಕೇಳಿದಳು: "ಸಾರ್, ಇವೆಲ್ಲ ಭಕ್ತರೇ ಹಾಕಿದ್ದಲ್ಲವಾ?" ನನ್ನಲ್ಲಿ ಉತ್ತರವಿರಲಿಲ್ಲ.

ಈ ನದಿಯ ದಂಡೆಗೆ ಇಂತಹ ಪಾಠ ಹೊಸದೇನೂ ಅಲ್ಲ. 1980ರ ದಶಕದಲ್ಲಿ ಹರಿಹರದ ಸುತ್ತಿನ ಹಳ್ಳಿಗಳ ಜನ ಕಾರ್ಖಾನೆಯ ಕೊಳಕಿನಿಂದ ತಮ್ಮ ನದಿ ಕೆಡುತ್ತಿರುವುದನ್ನು ಕಂಡು ಒಟ್ಟುಗೂಡಿದರು. ಸಮಾಜ ಪರಿವರ್ತನ ಸಮುದಾಯವೆಂಬ ಸಂಸ್ಥೆ ಅವರೊಡನೆ ನಿಂತಿತು. 1987ರ ನವೆಂಬರಿನಲ್ಲಿ ಹಾವೇರಿ ಕಡೆಯ ಕುಸನೂರಿನಲ್ಲಿ ಹಳ್ಳಿಗರು ತಮ್ಮ ಸಾಮೂಹಿಕ ಭೂಮಿಯಲ್ಲಿ ನೆಟ್ಟಿದ್ದ ನೀಲಗಿರಿ ಸಸಿಗಳನ್ನು ಕಿತ್ತು, ತಮಗೆ ಬೇಕಾದ ಗಿಡಗಳನ್ನು ನೆಟ್ಟರು. 'ಕಿತ್ತಿಕೋ ಹಚ್ಚಿಕೋ' ಎಂದು ಆ ಸತ್ಯಾಗ್ರಹಕ್ಕೆ ಹೆಸರಾಯಿತು. ಆ ಭೂಮಿಗಾಗಿ ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿದವರಲ್ಲಿ ಡಾ. ಶಿವರಾಮ ಕಾರಂತರೂ ಒಬ್ಬರು. ಅಂದು ಗುದ್ದಲಿ ಹಿಡಿದ ರೈತರಿಗೆ ಪರಿಸರವೆಂಬುದು ಪರೀಕ್ಷೆಯ ವಿಷಯವಾಗಿರಲಿಲ್ಲ. ದನದ ಮೇವಿನ, ಒಲೆಯ ಸೌದೆಯ ವಿಷಯವಾಗಿತ್ತು.

ಶಾಲೆಗಳಲ್ಲಿ ಅದು ಪರೀಕ್ಷೆಯ ವಿಷಯವೂ ಆಯಿತು. ಸುಪ್ರೀಂ ಕೋರ್ಟು 1991ರಲ್ಲಿ ಕೊಟ್ಟ ಆದೇಶದ ಫಲವಾಗಿ ಪರಿಸರ ಶಿಕ್ಷಣ ಕಡ್ಡಾಯವಾಯಿತು. ಪುಸ್ತಕದಲ್ಲಿ ಪಾಠ ಬಂದಿತು, ಪಾಠದ ಕೊನೆಗೆ ಪ್ರಶ್ನೆಗಳು ಬಂದವು. ಜೂನ್ 5ರಂದು ಸಸಿ ನೆಡುವುದೂ ಬಂದಿತು. ನಾನು ಹಿಂದೆ ಇದ್ದ ಒಂದು ಶಾಲೆಯಲ್ಲಿ ಮೂರು ವರ್ಷ ಒಂದೇ ಗುಂಡಿಯಲ್ಲಿ ಮೂರು ಸಸಿ ನೆಟ್ಟೆವು. ಮೂರಕ್ಕೂ ಫೋಟೋ ಉಂಟು. ಮರ ಮಾತ್ರ ಇಲ್ಲ. ನೀರೆರೆಯುವ ಸರದಿಯನ್ನು ಯಾರೂ ಬರೆದಿಡದೆ ಹೋದದ್ದೇ ಕಾರಣ. ಬರೆಯಬೇಕಾಗಿದ್ದವರಲ್ಲಿ ನಾನೂ ಒಬ್ಬ.

ಆದುದರಿಂದ ಹರಿಹರದಿಂದ ಬಂದ ಮೇಲೆ ನಾವು ಹಿಡಿದದ್ದು ಸಸಿಯನ್ನಲ್ಲ, ಪುಸ್ತಕವನ್ನು. ಮಳೆಗೊಂದು ಖಾತೆಪುಸ್ತಕ. ಅದರ ಕ್ರಮ ಬಹು ಸುಲಭ. ನಿಮ್ಮ ಮನೆಯಲ್ಲಿಯೂ ಮಾಡಬಹುದು. ಬಾಯಿಯೂ ತಳವೂ ಒಂದೇ ಅಗಲವಿರುವ, ತಳ ಸಮನಾಗಿರುವ ನೆಟ್ಟನೆಯ ಗಾಜಿನ ಪಾತ್ರೆಯೊಂದು ಬೇಕು. ಅದಕ್ಕೆ ಮಿಲಿಮೀಟರ್ ಗುರುತಿನ ಪಟ್ಟಿ ಅಂಟಿಸಿ, ಮರ ಗೋಡೆಗಳಿಂದ ದೂರ, ಬಯಲಿನಲ್ಲಿ ಅಲುಗದಂತೆ ನಿಲ್ಲಿಸಿ. ಹವಾಮಾನ ಇಲಾಖೆಯವರು ಮಳೆಯನ್ನು ಅಳೆಯುವುದು ಬೆಳಿಗ್ಗೆ 8.30ಕ್ಕೆ. ನೀವೂ ಅದೇ ಹೊತ್ತಿಗೆ ನೋಡಿ, ಬರೆದು, ನೀರು ಚೆಲ್ಲಿಬಿಡಿ. ಮಳೆಯಿಲ್ಲದ ದಿನ ಸೊನ್ನೆ ಬರೆಯುವುದನ್ನು ಮಾತ್ರ ಮರೆಯಬೇಡಿ. ಸೊನ್ನೆಯೂ ಒಂದು ಸಂಗತಿಯೇ.

ಪುಸ್ತಕದಲ್ಲಿ ನಾನು ಒಂದು ಕಲಮು ಹೆಚ್ಚಿಗೆ ಹಾಕಿಸಿದೆ: ಮಳೆ ನಕ್ಷತ್ರದ ಹೆಸರು. ರೋಹಿಣಿ, ಮೃಗಶಿರಾ, ಆರಿದ್ರಾ, ಪುನರ್ವಸು ಎಂದು ಸೂರ್ಯನು ಒಂದೊಂದು ನಕ್ಷತ್ರದಲ್ಲಿರುವ ಹದಿಮೂರು ಹದಿನಾಲ್ಕು ದಿನಗಳಿಗೆ ನಮ್ಮ ರೈತರು ಇಟ್ಟುಕೊಂಡ ಲೆಕ್ಕವಿದು. ಯಾವ ಮಳೆಗೆ ಯಾವ ಬಿತ್ತನೆ ಎಂಬ ಗಾದೆಗಳೆಲ್ಲ ಈ ಲೆಕ್ಕದಿಂದ ಹುಟ್ಟಿದವು. ಮಿಲಿಮೀಟರು ಮಕ್ಕಳದಾಯಿತು, ನಕ್ಷತ್ರ ಅಜ್ಜಂದಿರದಾಯಿತು. ಎರಡೂ ಒಂದೇ ಪುಟದಲ್ಲಿ ಕೂಡಿದ್ದರಿಂದ ಪುಸ್ತಕವು ಮನೆಗಳಿಗೆ ಹೋಗತೊಡಗಿತು.

2023ರ ಮಳೆಗಾಲ ನಿಮಗೆ ನೆನಪಿರಬಹುದು. ಆ ವರ್ಷ ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತವೆಂದು ಸಾರಿದರು. ಆಗಸ್ಟಿನಲ್ಲಿ ಬರಬೇಕಾಗಿದ್ದ ಆಶ್ಲೇಷ, ಮಘೆ ಎರಡೂ ಮಳೆಗಳ ಪುಟ ನಮ್ಮ ಪುಸ್ತಕದಲ್ಲಿ ಬಹುಮಟ್ಟಿಗೆ ಸೊನ್ನೆಯೇ. ನಾಲೆಯ ಕೊನೆಯ ಹಳ್ಳಿಯಿಂದ ಬರುವ ಹುಡುಗಿಯೊಬ್ಬಳು ಆ ಸೊನ್ನೆಗಳನ್ನು ಬರೆಯುವಾಗ ಅವಳ ಮನೆಯ ಗದ್ದೆ ಒಣಗುತ್ತಿತ್ತು. ಮರುವರ್ಷ ಮಳೆ ಬಂದಿತು. ಆದರೂ ಅವಳ ಅಜ್ಜ ಶಾಲೆಗೆ ಬಂದಾಗ, "ಮಳಿ ಕಮ್ಮಿ ಆಗೇತಿ ಮೇಷ್ಟ್ರೇ, ಇನ್ನೊಂದು ಬೋರು ಹಾಕಿಸ್ಬೇಕು" ಎಂದರು. ಮೊಮ್ಮಗಳು ಪುಸ್ತಕ ತೆರೆದು ತೋರಿಸಿದಳು: "ಕಮ್ಮಿ ಆಗಿಲ್ಲಜ್ಜ, ನೋಡು. ಈ ಮಳಿಯಾಗ ಅರ್ಧಕ್ಕಿಂತ ಜಾಸ್ತಿ ಒಂದೇ ರಾತ್ರಿ ಸುರದು ಹೋಗೇತಿ." ಅಜ್ಜ ಪುಟವನ್ನು ಬಹಳ ಹೊತ್ತು ನೋಡಿದರು. "ಹಂಗಾದ್ರ ಮೊದ್ಲು ಬದು ಹಾಕ್ಬೇಕು" ಎಂದರು. ಬೇಸಿಗೆಯಲ್ಲಿ ಹಾಕಿಯೂ ಹಾಕಿದರು. ಬೋರಿಗೆಂದು ತೆಗೆದಿಟ್ಟ ಹಣ ಸಾಲವಾಗದೆ ಉಳಿಯಿತೆಂದು ಹುಡುಗಿ ಬಂದು ಹೇಳಿದಳು.

ಇಲ್ಲಿ ಒಂದು ಎಚ್ಚರಿಕೆಯ ಮಾತು. ನಮ್ಮ ನಾಲ್ಕಾರು ವರ್ಷದ ಪುಸ್ತಕದಿಂದ ಕಾಲವೇ ಬದಲಾಯಿತೆಂದು ತೀರ್ಮಾನಿಸಲಾಗದು. ಹವಾಮಾನವೆಂಬುದು ದಿನದ ಮಾತು; ವಾಯುಗುಣವೆಂಬುದು ಮೂವತ್ತು ವರ್ಷಗಳ ಸರಾಸರಿಯ ಮಾತು. ಆ ದೊಡ್ಡ ಲೆಕ್ಕವನ್ನು ಇಟ್ಟವರು ಹೇಳುವುದೇನೆಂದರೆ, 1901ರಿಂದ 2018ರವರೆಗೆ ಭಾರತದ ಸರಾಸರಿ ಉಷ್ಣತೆ ಸುಮಾರು 0.7 ಡಿಗ್ರಿ ಸೆಲ್ಸಿಯಸ್ ಏರಿದೆ. ಗಾಳಿ ಒಂದು ಡಿಗ್ರಿ ಬಿಸಿಯಾದರೆ ಸುಮಾರು ಶೇಕಡಾ 7ರಷ್ಟು ಹೆಚ್ಚು ನೀರಾವಿಯನ್ನು ಹಿಡಿಯಬಲ್ಲುದು. ಹಾಗಾಗಿ ಸುರಿದಾಗ ಒಮ್ಮೆಗೇ ಸುರಿಯುವ ಮಳೆ ಹೆಚ್ಚುತ್ತದೆ. ನಮ್ಮ ಪುಟ ಆ ದೊಡ್ಡ ಪುಸ್ತಕಕ್ಕೆ ಸಾಕ್ಷಿಯಾಗುವುದೋ ಇಲ್ಲವೋ ಎಂಬುದು ಮುಂದಿನ ತರಗತಿಗಳು ಬರೆಯುತ್ತ ಹೋದರೆ ಮಾತ್ರ ತಿಳಿದೀತು. ಆದುದರಿಂದ ಹತ್ತನೆಯ ತರಗತಿ ಮುಗಿಸಿ ಹೋಗುವ ಮಕ್ಕಳು ಪುಸ್ತಕವನ್ನು ಎಂಟನೆಯ ತರಗತಿಯವರ ಕೈಗೆ ಕೊಟ್ಟು ಹೋಗುವ ಪದ್ಧತಿ ಮಾಡಿದ್ದೇವೆ.

ಪಟ್ಟಣದವರಾದ ನಮಗೆ ಬದು ಇಲ್ಲ, ಮಾಳಿಗೆ ಇದೆ. ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಅದು ಸರಿಯಾಗಿ ಒಂದು ಲೀಟರ್. ನಿಮ್ಮ ಮಾಳಿಗೆ 100 ಚದರ ಮೀಟರ್ ಇರಲಿ, ವರ್ಷಕ್ಕೆ 600 ಮಿಲಿಮೀಟರ್ ಮಳೆ ಬೀಳಲಿ. 60,000 ಲೀಟರ್ ಆಯಿತು. ಐದರಲ್ಲಿ ಒಂದು ಪಾಲು ಸೋರಿ ಆರಿ ಹೋದರೂ 48,000 ಉಳಿಯಿತು. ತಲೆಗೆ ದಿನಕ್ಕೆ 135 ಲೀಟರಿನಂತೆ ಐದು ಜನರ ಮನೆಗೆ ಇದು ಎಪ್ಪತ್ತು ದಿನಗಳ ನೀರು. ಈಗ ಅದು ಎಲ್ಲಿ ಹೋಗುತ್ತಿದೆ? ಚರಂಡಿಗೆ.

ಈ ಲೆಕ್ಕವನ್ನು ನೀವೇ ಮಾಡಿ ಮಕ್ಕಳಿಗೆ ಹೇಳಬೇಡಿ. ಟೇಪು ಕೊಟ್ಟು ಮಾಳಿಗೆಗೆ ಕಳುಹಿಸಿ. ಅಳೆದು ಬರಲಿ, ಗುಣಿಸಲಿ, ತಪ್ಪಲಿ, ಮತ್ತೆ ಗುಣಿಸಲಿ. ಬರುವ ಮೃಗಶಿರಾ ಮಳೆಗೆ ಮುಂಚೆ ಒಂದು ನೆಟ್ಟನೆಯ ಸೀಸೆಯನ್ನೂ ಒಂದು ನೋಟುಬುಕ್ಕನ್ನೂ ಅವರ ಕೈಗಿಡಿ. ಮೊದಲ ಪುಟದ ಮೊದಲ ಸಾಲಿಗೆ ಸೊನ್ನೆಯೇ ಬಂದರೂ ಚಿಂತೆಯಿಲ್ಲ. ಬರೆಯುವುದು ಮೊದಲಾಗಲಿ.