ಪಂಚಗಂಗೆಯ ದಂಡೆಗೆ ಬಂದ ಕಡಲ ದೇವ



ಇಟಲಿಯ ನೇಪಲ್ಸ್ ಕೊಲ್ಲಿಯ ದಂಡೆಯಲ್ಲಿ ರೋಮನ್ ಸಿರಿವಂತರು ‘ವಿಲ್ಲಾ’ಗಳನ್ನು ಕಟ್ಟಿಸಿಕೊಂಡಿದ್ದರು. ವಿಲ್ಲಾ ಎಂದರೆ ನಿಮ್ಮ ರಾಯಬಾಗ, ಅಥಣಿ ಕಡೆಯ ತೋಟದ ಮನೆಯ ಹಾಗೆ ಊರಿನಿಂದಾಚೆ ಇರುವ ಮನೆ. ಆದರೆ ಅಲ್ಲಿ ಕಡಲಿಗೆ ಮುಖಮಾಡಿದ ಕಂಬಸಾಲು, ಸ್ನಾನಗೃಹ, ಚಿತ್ರ ಬರೆದ ಗೋಡೆಗಳು ಇರುತ್ತಿದ್ದವು. ಕ್ರಿ.ಶ. 79ರಲ್ಲಿ ವೆಸೂವಿಯಸ್ ಜ್ವಾಲಾಮುಖಿ ಸಿಡಿದು, ಪಾಂಪೇ ಪಟ್ಟಣವನ್ನೂ ಹತ್ತಿರದ ಸ್ಟೇಬಿಯೆಯ ವಿಲ್ಲಾಗಳನ್ನೂ ಬೂದಿಯಲ್ಲಿ ಹೂತುಹಾಕಿತು. ಆ ಅವಶೇಷಗಳನ್ನು ನೋಡಲು ಇಂದು ಜಗತ್ತಿನ ಎಲ್ಲೆಡೆಯಿಂದ ಜನ ಬರುತ್ತಾರೆ.

ನೀವು ಅಷ್ಟು ದೂರ ಹೋಗಲಾಗದಿದ್ದರೂ ಚಿಂತೆಯಿಲ್ಲ. ಅಂಥದೊಂದು ಮನೆಯನ್ನು ಅಲಂಕರಿಸಬಹುದಾಗಿದ್ದ ವಸ್ತುವೊಂದು ನಿಪ್ಪಾಣಿಯಿಂದ ಸುಮಾರು 40 ಕಿಲೋಮೀಟರ್ ದೂರದ ಕೊಲ್ಲಾಪುರದಲ್ಲೇ ಇದೆ. ಅದು ಗ್ರೀಕರ, ರೋಮನ್ನರ ಕಡಲ ದೇವ ಪೊಸೈಡನ್. ಕಂಚಿನ ಈ ಪ್ರತಿಮೆ ಟೌನ್ ಹಾಲ್ ವಸ್ತುಸಂಗ್ರಹಾಲಯದ ಸಂಗ್ರಹಕ್ಕೆ ಸೇರಿದ್ದು. ಗಡ್ಡಧಾರಿ ದೇವ ಒಂದು ತೋಳನ್ನು ಮೇಲಕ್ಕೆತ್ತಿ ನಿಂತಿದ್ದಾನೆ. ಹಿಡಿದಿದ್ದ ತ್ರಿಶೂಲ ಕಳೆದುಹೋಗಿದೆ. ಎತ್ತರ ಸುಮಾರು 13 ಸೆಂಟಿಮೀಟರ್, ಅಂದರೆ ಒಂದು ಗೇಣೂ ಇಲ್ಲ. ನಮ್ಮ ಟೆಲಿವಿಷನ್ ಪರದೆಯಲ್ಲಿ ಇಂಥವೆಲ್ಲ ಆಳೆತ್ತರವಾಗಿ ಕಾಣುತ್ತವೆ. ಕ್ಯಾಮೆರಾ ಹೇಳುವ ಸುಳ್ಳುಗಳಲ್ಲಿ ಇದೂ ಒಂದು. ಆದ್ದರಿಂದ ವಸ್ತುವನ್ನು ಕಣ್ಣಾರೆ ನೋಡಬೇಕು.

ಪ್ರತಿಮೆ ದೊರೆತದ್ದು ಪಂಚಗಂಗಾ ನದಿಯ ದಂಡೆಯ ಬ್ರಹ್ಮಪುರಿ ದಿಬ್ಬದಲ್ಲಿ. 1940ರ ದಶಕದ ನಡುವೆ ಅಲ್ಲಿ ಮೊದಲು ಅಗೆತಕ್ಕೆ ಮುಂದಾದವರು ರಾಜಾರಾಮ ಕಾಲೇಜಿನ ಕನ್ನಡ ಪ್ರಾಧ್ಯಾಪಕ ಕೆ.ಜಿ. ಕುಂದಣಗಾರರು. 1961ರ ಗದಗ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರೂ ಇವರೇ. ಮುಂದೆ 1945-46ರಲ್ಲಿ ಪುಣೆಯ ಡೆಕ್ಕನ್ ಕಾಲೇಜಿನ ಎಚ್.ಡಿ. ಸಂಕಾಲಿಯಾ ಮತ್ತು ಎಂ.ಜಿ. ದೀಕ್ಷಿತರು ಪದರ ಪದರವಾಗಿ ಅಗೆದರು. ಮೇಲೆ ಬಹಮನಿ ಕಾಲದ ವಸತಿ. ಕೆಳಗೆ ಶಾತವಾಹನರ ಕಾಲದ ಇಟ್ಟಿಗೆ ಮನೆಗಳು, ಅದೇ ಕಾಲದ ನಾಣ್ಯಗಳು. ಪೊಸೈಡನ್ ಜೊತೆಗೆ ರೋಮನ್ ಮಾದರಿಯ ಕಂಚಿನ ಹೂಜಿಯಿತ್ತು. ಸವಾರರನ್ನು ಹೊತ್ತ, ನಮ್ಮವರೇ ಮಾಡಿದ ಪುಟ್ಟ ಆನೆಯೂ ಇತ್ತು. ಆ ಆನೆ ನನಗೆ ದೇವನಷ್ಟೇ ಇಷ್ಟ.

ಕಡಲ ದೇವ ಘಟ್ಟ ಹತ್ತಿದ್ದು ಹೇಗೆ? ಮುಂಗಾರು ಗಾಳಿಯ ಗುಟ್ಟು ತಿಳಿದ ನಾವಿಕರು ಕೆಂಪು ಸಮುದ್ರದಿಂದ ನೇರವಾಗಿ ನಮ್ಮ ಪಶ್ಚಿಮ ಕರಾವಳಿಗೆ ಬರುತ್ತಿದ್ದರು. ಬಂದರುಗಳಿಂದ ಘಟ್ಟದ ದಾರಿಯಲ್ಲಿ ಸರಕು ಮೇಲೇರುತ್ತಿತ್ತು. ಭಾರತದ ಸಾಮಾನಿಗೆ ವರ್ಷಕ್ಕೆ 5 ಕೋಟಿ ಸೆಸ್ಟರ್ಸ್ ನಾಣ್ಯ ಹೋಗುತ್ತಿದೆಯೆಂದು ಪ್ಲಿನಿ ಗೊಣಗಿದ್ದಾನೆ. ಎರಡನೆಯ ಶತಮಾನದ ಭೂಗೋಳಜ್ಞ ಟಾಲೆಮಿ ‘ಬಲಿಯೊಕುರ’ ಎಂಬ ಅರಸನ ಹೆಸರು ಬರೆದಿದ್ದಾನೆ. ಕೊಲ್ಲಾಪುರದಲ್ಲಿ ಸಿಕ್ಕ ಬಿಲ್ಲುಬಾಣದ ನಾಣ್ಯಗಳಲ್ಲಿ ‘ವಿಳಿವಾಯಕುರ’ ಎಂಬ ಹೆಸರಿದೆ. ಇಬ್ಬರೂ ಒಬ್ಬನೇ ಎಂಬುದು ಹೆಚ್ಚಿನ ವಿದ್ವಾಂಸರ ಅಭಿಪ್ರಾಯ.

ಹೋದ ವಸ್ತುವಿನ ಸುದ್ದಿಯೂ ಇದೆ. 1938ರಲ್ಲಿ ಪಾಂಪೇಯ ಮನೆಯೊಂದರಲ್ಲಿ ದಂತದ ಸ್ತ್ರೀ ಪ್ರತಿಮೆ ಸಿಕ್ಕಿತು. ಮೈತುಂಬ ಆಭರಣ ತೊಟ್ಟ ಅಪ್ಪಟ ಭಾರತೀಯ ಹೆಣ್ಣು. ಇಂಥವೇ ಗೊಂಬೆಗಳು ಮಹಾರಾಷ್ಟ್ರದ ತೇರ್, ಭೋಕರದನ್‌ಗಳಲ್ಲಿ ದೊರೆತಿವೆ. ಅವಳು ನೇಪಲ್ಸ್ ಕೊಲ್ಲಿಗೆ ಹೋದಳು, ಇವನು ಪಂಚಗಂಗೆಗೆ ಬಂದ.

ಬ್ರಹ್ಮಪುರಿಯ ಮನೆಯವನು ಪೊಸೈಡನ್‌ನನ್ನು ಪೂಜಿಸಿದನೇ, ಚೆಂದಕ್ಕೆ ಇಟ್ಟುಕೊಂಡನೇ, ಕರಗಿಸಿ ಚೊಂಬು ಮಾಡಲು ಕೊಂಡ ಹಳೆಯ ಕಂಚೇ? ಯೋಚಿಸಿ. ಒಂದು ಮಾತು ಮಾತ್ರ ಖಚಿತ: ಇದೇ ಪ್ರತಿಮೆ ಗುಜರಿ ಅಂಗಡಿಯಲ್ಲಿ ಸಿಕ್ಕಿದ್ದರೆ ಈ ಪ್ರಶ್ನೆಯನ್ನೇ ಕೇಳಲಾಗುತ್ತಿರಲಿಲ್ಲ. ಯಾವ ಪದರ, ಯಾವ ಗೋಡೆ, ಪಕ್ಕದಲ್ಲಿ ಯಾವ ನಾಣ್ಯ ಎಂಬುದೇ ಅದಕ್ಕೆ ಕಾಲವನ್ನೂ ಕಥೆಯನ್ನೂ ಕೊಟ್ಟದ್ದು.

ಪಂಚಗಂಗೆ ನರಸೋಬವಾಡಿಯಲ್ಲಿ ಕೃಷ್ಣೆಯನ್ನು ಸೇರುತ್ತದೆ. ಆ ನೀರೇ ಯಡೂರು, ಕುಡಚಿ, ಉಗಾರಗಳ ಬದಿಗೆ ಹರಿದು ಬರುತ್ತದೆ. ಈ ದಂಡೆಗಳಲ್ಲೂ ಹಾಳೂರು ದಿಬ್ಬಗಳಿದ್ದರೆ ಆಶ್ಚರ್ಯವಿಲ್ಲ. ದಿಬ್ಬದ ಬೂದಿಮಣ್ಣು ಹೊಲಕ್ಕೆ ಒಳ್ಳೆಯ ಗೊಬ್ಬರವೆಂದು ಟ್ರ್ಯಾಕ್ಟರಿನಲ್ಲಿ ತುಂಬಿ ಒಯ್ದರೆ ಪದರಗಳು ಒಂದೇ ದಿನದಲ್ಲಿ ಕಲಸಿಹೋಗುತ್ತವೆ. ರೈತನ ಮೇಲೆ ಸಿಟ್ಟಾಗಿ ಫಲವಿಲ್ಲ. ಅವನಿಗೆ ಯಾರೂ ಹೇಳಿಲ್ಲ. ಬೆಳಗಾವಿ ಬಳಿಯ ವಡಗಾವಿ-ಮಾಧವಪುರದಲ್ಲಿ ಅ. ಸುಂದರ ಅವರು 1970ರ ದಶಕದಲ್ಲಿ ಅಗೆದಾಗ ಒಂದು ಶಾತವಾಹನ ಪಟ್ಟಣವೇ ಬೆಳಕಿಗೆ ಬಂತು. ಈಗ ಸುತ್ತಲೂ ನಗರ ಬೆಳೆದಿದೆ.

ನಿಪ್ಪಾಣಿ, ಚಿಕ್ಕೋಡಿಯವರು ಕಾಗಲ್ ಮೇಲೆ, ಕಾಗವಾಡ, ಅಥಣಿಯವರು ಮಿರಜ್ ಮೇಲೆ ಕೊಲ್ಲಾಪುರಕ್ಕೆ ಹೋಗಬಹುದು. ರಜೆಯ ದಿನ ಯಾವುದು, ಪ್ರತಿಮೆ ಪ್ರದರ್ಶನದಲ್ಲಿದೆಯೇ ಎಂದು ಮೊದಲೇ ವಿಚಾರಿಸಿಕೊಳ್ಳಿ. ನಿಮ್ಮೂರಿನ ದಿಬ್ಬದಲ್ಲಿ ಇಂದಿನದಕ್ಕಿಂತ ಎರಡರಷ್ಟು ಉದ್ದದ ಇಟ್ಟಿಗೆ ಕಂಡರೆ ಕೀಳಬೇಡಿ. ಸರ್ವೆ ನಂಬರ್ ಬರೆದುಕೊಳ್ಳಿ, ಪಕ್ಕದಲ್ಲಿ ಒಂದು ಸ್ಕೇಲು ಇಟ್ಟು ಫೋಟೋ ತೆಗೆಯಿರಿ, ನಿಮ್ಮ ಇತಿಹಾಸದ ಮೇಷ್ಟ್ರಿಗೆ ತೋರಿಸಿ.