ಬಿಡುಗಡೆಯ ಮೇಲೂ ತೀರದ ಬಾಕಿ

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿಗಳಿಂದ ಬಂದಿರುವ ವಕೀಲ ಬಂಧುಗಳೆ,

ನಮ್ಮ ಜಿಲ್ಲೆಯದೇ ಒಂದು ಪ್ರಕರಣವನ್ನು ಮೊದಲು ನಿಮ್ಮ ಮುಂದಿಡುತ್ತೇನೆ. 1994ರ ಜನವರಿ 15ರಂದು ಕಲಬುರಗಿಯ ಫಾರ್ಮಸಿ ವಿದ್ಯಾರ್ಥಿಯೊಬ್ಬನನ್ನು ಹೈದರಾಬಾದಿನ ಪೊಲೀಸರು ಕಾಲೇಜಿನ ದಾರಿಯಲ್ಲೇ ಹಿಡಿದೊಯ್ದರು. ಇನ್ನೂ ಇಪ್ಪತ್ತು ತುಂಬದ ಹುಡುಗ. ಪರೀಕ್ಷೆ ಹತ್ತಿರವಿತ್ತು. ಅವನನ್ನು ಕೋರ್ಟಿಗೆ ಹಾಜರುಪಡಿಸಿದ್ದು ಫೆಬ್ರುವರಿ 28ರಂದು. ಮಗ ಎಲ್ಲಿದ್ದಾನೆಂದು ಮನೆಯವರಿಗೆ ಗೊತ್ತಾದದ್ದೂ ಆಗಲೇ. ನಡುವಿನ ಆರು ವಾರ ಯಾವ ದಾಖಲೆಯಲ್ಲೂ ಇಲ್ಲ.

1993ರ ಡಿಸೆಂಬರಿನ ರೈಲು ಸ್ಫೋಟಗಳ ಮೊಕದ್ದಮೆ ಅದು. ಟಾಡಾ ಕಾಯ್ದೆಯಡಿ, ಪೊಲೀಸರ ವಶದಲ್ಲಿದ್ದಾಗ ಬರೆಸಿಕೊಂಡ ತಪ್ಪೊಪ್ಪಿಗೆಯೇ ಮುಖ್ಯ ಆಧಾರವಾಗಿ ಜೀವಾವಧಿ ಶಿಕ್ಷೆಯಾಯಿತು. 2016ರ ಮೇ 11ರಂದು ಸುಪ್ರೀಂ ಕೋರ್ಟು ಆ ತಪ್ಪೊಪ್ಪಿಗೆಯನ್ನು ತಳ್ಳಿಹಾಕಿ ಅವನನ್ನು ಖುಲಾಸೆ ಮಾಡಿತು. ಅಷ್ಟರಲ್ಲಿ ಇಪ್ಪತ್ತೆರಡು ವರ್ಷ ದಾಟಿತ್ತು. ಮಗನಿಗಾಗಿ ಕೋರ್ಟುಗಳಿಗೆ ಅಲೆದ ತಂದೆ ತೀರಿಕೊಂಡಿದ್ದರು. ಅದೇ ಮೊಕದ್ದಮೆಯಲ್ಲಿ ಜೈಲು ಸೇರಿದ್ದ ಅಣ್ಣ, ಸಿವಿಲ್ ಎಂಜಿನಿಯರ್, ಶ್ವಾಸಕೋಶದ ಕ್ಯಾನ್ಸರಿನಿಂದಾಗಿ 2008ರಲ್ಲಿ ಹೊರಬಂದಿದ್ದ. ಹಿಡಿದೊಯ್ದಾಗ ಹನ್ನೆರಡು ವರ್ಷದವಳಾಗಿದ್ದ ತಂಗಿಗೆ ಆಗ ಅಷ್ಟೇ ವಯಸ್ಸಿನ ಮಗಳಿದ್ದಳು. ಈ ಲೆಕ್ಕವನ್ನು ಯಾವ ಕೋರ್ಟು ಕೂಡಿ ಕಳೆಯಬೇಕು?

ಅನ್ಯಾಯವಾಗಿ ಬಂಧನಕ್ಕೊಳಗಾದವರಿಗೆ ನಮ್ಮ ಕಾನೂನು ಕೊಡುವುದೇನು? ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 399ನೇ ಕಲಮನ್ನು ತೆಗೆದು ನೋಡಿ. ಆಧಾರವಿಲ್ಲದೆ ಬಂಧಿಸಲ್ಪಟ್ಟವನಿಗೆ ಹೆಚ್ಚೆಂದರೆ ಒಂದು ಸಾವಿರ ರೂಪಾಯಿ. ಅದನ್ನೂ ಕೊಡಬೇಕಾದದ್ದು ಬಂಧನಕ್ಕೆ ಕಾರಣನಾದ ವ್ಯಕ್ತಿ, ಸರ್ಕಾರವಲ್ಲ. ಇಂಥವರಿಗೆ ಪರಿಹಾರ ಕೊಡಲು ಪ್ರತ್ಯೇಕ ವ್ಯವಸ್ಥೆ, ವಿಶೇಷ ನ್ಯಾಯಾಲಯಗಳು ಬೇಕೆಂದು ಕಾನೂನು ಆಯೋಗ 2018ರಲ್ಲೇ ತನ್ನ 277ನೇ ವರದಿಯಲ್ಲಿ ಹೇಳಿತ್ತು. 2024ರ ಜುಲೈ 1ರಂದು ಹೊಸ ಸಂಹಿತೆ ಜಾರಿಗೆ ಬಂದಾಗ ಆ ವ್ಯವಸ್ಥೆ ಅದರಲ್ಲಿರಲಿಲ್ಲ. ಇದು ನನಗೆ ಅತ್ಯಂತ ನೋವಿನ ಸಂಗತಿ.

ಶಹಾಬಾದಿನ ಮಗ್ಗುಲಲ್ಲೇ ಮರತೂರಿದೆ. ಮಿತಾಕ್ಷರ ಬರೆದ ವಿಜ್ಞಾನೇಶ್ವರರ ಊರೆಂದು ನಾವು ಹೆಮ್ಮೆಪಡುತ್ತೇವೆ. ಅವರು ವ್ಯಾಖ್ಯಾನ ಬರೆದ ಯಾಜ್ಞವಲ್ಕ್ಯ ಸ್ಮೃತಿಯಲ್ಲಿ, ರಾಜ ಅನ್ಯಾಯವಾಗಿ ದಂಡ ವಸೂಲು ಮಾಡಿದರೆ ಅದರ ಮೂವತ್ತು ಪಟ್ಟನ್ನು ತಾನೇ ತೆರಬೇಕೆಂಬ ವಿಧಿಯಿದೆ. ಆ ಹಣ ಯಾರಿಗೆ ಸೇರಬೇಕೆಂದು ಅದು ಹೇಳುವುದನ್ನು ಇಂದು ನಾವು ಒಪ್ಪಲಾರೆವು. ಆದರೆ ತಪ್ಪು ಮಾಡಿದ ಪ್ರಭುತ್ವಕ್ಕೂ ದಂಡವುಂಟೆಂಬ ಮಾತು ನಮ್ಮ ನೆಲಕ್ಕೆ ಹೊಸದಲ್ಲ.

ಪರಿಹಾರ ಬರುವವರೆಗೆ ಕೈಕಟ್ಟಿ ಕೂರುವಂತಿಲ್ಲ. ಫರಸಿ ಗಣಿಯ ಕೂಲಿಯನ್ನೋ ತೊಗರಿ ಹೊಲದ ಆಳನ್ನೋ ಮೊದಲ ರಿಮಾಂಡಿಗೆ ತಂದಾಗ, ಹಾಜರಿರುವ ವಕೀಲ ಒಂದೇ ಪ್ರಶ್ನೆ ಕೇಳಲಿ: "ನಿನ್ನನ್ನ ಮನೀಯಿಂದ ಯಾವತ್ತ ಕರಕೊಂಡು ಬಂದ್ರಪಾ?" ಅವನು ಹೇಳಿದ ದಿನಾಂಕ ರಿಮಾಂಡ್ ಅರ್ಜಿಯಲ್ಲಿರುವುದಕ್ಕೆ ತಾಳೆಯಾಗದಿದ್ದರೆ ಆ ಕ್ಷಣವೇ ಮ್ಯಾಜಿಸ್ಟ್ರೇಟರ ಗಮನಕ್ಕೆ ತಂದು ಬರೆಸಬೇಕು. ಇಪ್ಪತ್ತನಾಲ್ಕು ಗಂಟೆಯ ನಿಯಮ ಸಂವಿಧಾನದ 22ನೇ ವಿಧಿಯಲ್ಲೇ ಇದೆ. ಆ ದಿನ ಬರೆಸದೆ ಬಿಟ್ಟರೆ ಇಪ್ಪತ್ತು ವರ್ಷದ ನಂತರ ಅದಕ್ಕೆ ಸಾಕ್ಷಿ ಹುಡುಕುವುದು ಕಷ್ಟ.

ಈ ಐದೂ ಊರುಗಳಲ್ಲಿ ಮೊದಲ ರಿಮಾಂಡಿನ ದಿನ ಶುಲ್ಕವಿಲ್ಲದೆ ನಿಲ್ಲುವ ವಕೀಲರ ಪಟ್ಟಿಯನ್ನು ಇಂದು ಸಂಜೆಯೊಳಗೆ ಸಿದ್ಧಪಡಿಸೋಣ. ಮೊದಲ ಹೆಸರು ನನ್ನದಿರಲಿ.