ಊರಿನ ನೋವು ಮಕ್ಕಳಿಗೆ ಬೇಡ, ಊರು ಬೇಕು



ಪುಣೆ ಕನ್ನಡಿಗರ ಈ ವೇದಿಕೆಯಲ್ಲಿ ಈಗಷ್ಟೇ ಕೋಲಾಟ ಆಡಿ ಕೆಳಗಿಳಿದ ಪುಟ್ಟಿಯನ್ನು ‘ತಿಂಡಿ ಆಯ್ತೇನವ್ವಾ?’ ಅಂತ ಕೇಳಿದೆ. ‘ಝಾಲಾ ಅಜ್ಜಿ, ಎರಡು ಸಲ ಝಾಲಾ’ ಅಂದಳು. ‘ಎರಡು ಸಲ’ ಅನ್ನೋದು ಉಳಿದಿದೆಯಲ್ಲ, ಅಷ್ಟು ಸಾಕು ಇವತ್ತಿಗೆ!

ಮಕ್ಕಳು ಕನ್ನಡ ಬಿಡುತ್ತಿದ್ದಾರೆ ಅಂದಾಗ ನಾವು ಶಾಲೆಯನ್ನು ಬೈಯುತ್ತೇವೆ, ಮೊಬೈಲನ್ನು ಬೈಯುತ್ತೇವೆ. ಇನ್ನೊಂದು ಕಾರಣವಿದೆ, ಅದನ್ನು ಯಾರೂ ಎತ್ತುವುದಿಲ್ಲ. ನಮ್ಮಲ್ಲಿ ಎಷ್ಟೋ ಜನ ಊರು ಬಿಟ್ಟದ್ದು ಸಂತೋಷಕ್ಕಲ್ಲ. ಪಾಲಿನ ಜಗಳ, ಬರ, ಸಾಲ, ಮದುವೆಯ ಮನಸ್ತಾಪ. ಊರಿನ ಮಾತೇ ಬೇಡ ಅಂದುಕೊಂಡ ಮನೆಯಲ್ಲಿ ಊರಿನ ಭಾಷೆ ಮಾತ್ರ ಹೇಗೆ ಉಳಿದೀತು?

ನಮ್ಮದು ಬೆಟಗೇರಿ. ಬಾಸೆಲ್ ಮಿಷನ್ನಿನ ಕಾಲದಿಂದ ಬಂದ ಸಭೆಯಲ್ಲಿ ಬೆಳೆದವಳು ನಾನು. ಮನೆ ಪಾಲಿನಲ್ಲಿ ನಮ್ಮಪ್ಪನಿಗೂ ಕಾಕಾನಿಗೂ ಮಾತು ನಿಂತಿತ್ತು. ರಾತ್ರಿ ಎಲ್ಲರೂ ಕೂತು ಕರ್ತನ ಪ್ರಾರ್ಥನೆ ಹೇಳುವಾಗ, ಕ್ಷಮಿಸುವ ಸಾಲು ಬಂತೆಂದರೆ ಅಪ್ಪನ ದನಿ ಕೇಳುತ್ತಿರಲಿಲ್ಲ. ಮುಂದಿನ ಸಾಲಿಗೆ ಮತ್ತೆ ಸೇರಿಕೊಳ್ಳುತ್ತಿದ್ದರು. ಒಂದು ಕ್ರಿಸ್ಮಸ್ಸಿನ ಹಿಂದಿನ ರಾತ್ರಿ ಆ ಸಾಲನ್ನೂ ಹೇಳಿದರು. ಬೆಳಿಗ್ಗೆ ಕಾಕಾನ ಮನೆಗೆ ಕರದಂಟು ಹೋಯಿತು. ಪಾಲು ವಾಪಸ್ ಬರಲಿಲ್ಲ, ಅಪ್ಪ ಕೇಳಲೂ ಇಲ್ಲ.

ಅಪ್ಪನ ಹಾಗೆ ಕಹಿ ಇಳಿಸಿದ ಇನ್ನೊಬ್ಬರ ಕಥೆ ಹೇಳುತ್ತೇನೆ. ಇಲ್ಲಿಂದ ಸೋಲಾಪುರದ ಕಡೆ ರೈಲು ಹತ್ತಿದರೆ ದೌಂಡ್‌ಗಿಂತ ಮೊದಲು ಕೇಡಗಾಂವ್ ಸಿಗುತ್ತದೆ. ಅಲ್ಲಿ ಪಂಡಿತಾ ರಮಾಬಾಯಿಯವರು ದಿಕ್ಕಿಲ್ಲದ ಹೆಣ್ಣುಮಕ್ಕಳಿಗಾಗಿ ಕಟ್ಟಿದ ಮುಕ್ತಿ ಮಿಷನ್ ಇದೆ. ಮಹಾರಾಷ್ಟ್ರದವರು ತಮ್ಮವರೆಂದು ಹೆಮ್ಮೆಪಡುವ ಈ ತಾಯಿ 1858ರಲ್ಲಿ ಹುಟ್ಟಿದ್ದು ನಮ್ಮ ಪಶ್ಚಿಮ ಘಟ್ಟದ ಗಂಗಾಮೂಲದಲ್ಲಿ, ತುಂಗೆ, ಭದ್ರೆ, ನೇತ್ರಾವತಿ ಹುಟ್ಟುವ ಕಾಡಿನಲ್ಲಿ. ತಂದೆ ಅನಂತಶಾಸ್ತ್ರಿಗಳು ಹೆಂಡತಿಗೆ ಸಂಸ್ಕೃತ ಕಲಿಸಿ ಜನರ ವಿರೋಧ ಕಟ್ಟಿಕೊಂಡವರು. ಆಮೇಲೆ ಕೈ ಬರಿದಾಯಿತು, ಪುರಾಣ ಹೇಳಿಕೊಂಡು ಕ್ಷೇತ್ರದಿಂದ ಕ್ಷೇತ್ರಕ್ಕೆ ಅಲೆದರು. 1870ರ ದಶಕದ ಬರದಲ್ಲಿ ತಂದೆ, ತಾಯಿ, ಅಕ್ಕ ಒಬ್ಬರ ಹಿಂದೊಬ್ಬರು ಹೋದರು. ತಾಯಿಯ ಹೆಣ ಹೊರಲು ಜನ ಸಿಗದೆ, ಕುಳ್ಳಗಿದ್ದ ಈ ಹುಡುಗಿ ಹೆಗಲಿಗೆ ಎಟುಕದ ಚಟ್ಟವನ್ನು ತಲೆಯ ಮೇಲೆ ಹೊತ್ತಳು. ಅಣ್ಣ ತಂಗಿ ನಡೆಯುತ್ತಾ ನಡೆಯುತ್ತಾ ಝೇಲಂ ನದಿಯ ದಂಡೆ ತಲುಪಿದಾಗ ಹೊದೆಯಲು ಬಟ್ಟೆಯಿಲ್ಲ. ಗೋರಿಯ ಹಾಗೆ ಎರಡು ಗುಂಡಿ ತೋಡಿ, ಮೈಮೇಲೆ ಮರಳು ಎಳೆದುಕೊಂಡು ರಾತ್ರಿ ಕಳೆದರು. ಮುಂದೆ ಅಣ್ಣನೂ ಹೋದ. ಮದುವೆಯಾಗಿ ಎರಡು ವರ್ಷ ತುಂಬುವ ಮುಂಚೆ, 1882ರಲ್ಲಿ, ಗಂಡನೂ ಕಾಲರಾಕ್ಕೆ ತುತ್ತಾದರು. ಕೈಯಲ್ಲಿ ಮನೋರಮೆ ಎಂಬ ಕೂಸು.

ಇಂಥವರ ಮನಸ್ಸು ಕಹಿಯಾಗಿದ್ದರೆ ಯಾರು ತಪ್ಪು ಅನ್ನುತ್ತಿದ್ದರು? ಇಂಗ್ಲೆಂಡಿಗೆ ಹೋದಾಗ, ಸಮಾಜ ಕೈಬಿಟ್ಟ ಹೆಂಗಸರನ್ನು ಕ್ರೈಸ್ತ ಸನ್ಯಾಸಿನಿಯರು ಒಡಹುಟ್ಟಿದವರಂತೆ ನೋಡಿಕೊಳ್ಳುವುದನ್ನು ಕಂಡರು. ಯಾಕೆ ಹೀಗೆ ಅಂತ ಕೇಳಿದರೆ, ಬಾವಿಯ ಬಳಿ ಯೇಸು ಸಮಾರ್ಯದ ಹೆಂಗಸಿನ ಜೊತೆ ಮಾತಾಡಿದ ಕಥೆ ಹೇಳಿದರು. ಆಕೆಯ ಹಿಂದಿನ ಬದುಕೆಲ್ಲ ಗೊತ್ತಿದ್ದೂ ಆತ ಆಕೆಯಿಂದ ನೀರು ಕೇಳಿದ. ಆ ಕಥೆ ರಮಾಬಾಯಿಯವರ ಎದೆಗೆ ಇಳಿಯಿತು. 1883ರಲ್ಲಿ ದೀಕ್ಷಾಸ್ನಾನ ಪಡೆದರು. ಮನಸ್ಸಿಗೆ ಶಾಂತಿ ಸಿಕ್ಕಿದ್ದು ಅದಕ್ಕೂ ಎಷ್ಟೋ ವರ್ಷ ಆದಮೇಲೆ ಎಂದು ಅವರೇ ಬರೆದಿದ್ದಾರೆ. ನೋವು ಒಂದು ದಿನದಲ್ಲಿ ಇಳಿಯುವುದಿಲ್ಲ, ಅಪ್ಪನನ್ನು ನೋಡಿ ನನಗೂ ಗೊತ್ತು.

ಅವರು ಏನನ್ನೂ ಮರೆಯಲಿಲ್ಲ. 1887ರ ತಮ್ಮ ಇಂಗ್ಲಿಷ್ ಪುಸ್ತಕವನ್ನು ತಾಯಿ ಲಕ್ಷ್ಮೀಬಾಯಿಗೆ ಅರ್ಪಿಸಿದರು. 1896-97ರಲ್ಲಿ ಮತ್ತೆ ಬರ ಬಂದಾಗ ಮಧ್ಯ ಪ್ರಾಂತ್ಯಕ್ಕೆ ಹೋಗಿ ನೂರಾರು ಹೆಣ್ಣುಮಕ್ಕಳನ್ನು ಕರೆತಂದರು. ಹಸಿವು ಹೇಗಿರುತ್ತದೆ ಅಂತ ಅವರಿಗೆ ಯಾರೂ ಹೇಳಬೇಕಿರಲಿಲ್ಲ. ಕೇಡಗಾಂವ್‌ನಲ್ಲಿ ಆ ಹುಡುಗಿಯರು ನೇಯ್ದರು, ಅಚ್ಚುಮೊಳೆ ಜೋಡಿಸಿದರು. ರಮಾಬಾಯಿಯವರು ಮರಾಠಿಗೆ ತಂದ ಬೈಬಲ್ ಅಚ್ಚಾದದ್ದೂ ಅಲ್ಲೇ. 1912ರಲ್ಲಿ ನಮ್ಮ ಕಲಬುರಗಿಯಲ್ಲೂ ಶಾಲೆ ತೆರೆಸಿದರು, ಮಗಳು ಮನೋರಮೆಯನ್ನೇ ಮುಖ್ಯಸ್ಥೆ ಮಾಡಿದರು. ಕನ್ನಡನಾಡಿನಲ್ಲಿ ಹುಟ್ಟಿ, ಅಷ್ಟೆಲ್ಲ ಕಳೆದುಕೊಂಡವರು ಕನ್ನಡನಾಡಿಗೇ ಕೊಟ್ಟ ಶಾಲೆ ಅದು. ಕ್ರಿಸ್ತನಲ್ಲಿ ಕಹಿ ಇಳಿಸುವುದೆಂದರೆ ನನ್ನ ಮಟ್ಟಿಗೆ ಇದೇ.

ನೀವು ಯಾವ ದೇವರಿಗೆ ಕೈಮುಗಿದರೂ ಸರಿ, ಅವನ ಮುಂದೆ ಕೂತು ಊರಿನ ಮೇಲಿನ ಸಿಟ್ಟನ್ನು ಒಪ್ಪಿಸಿಬಿಡಿ. ಅದನ್ನು ಭಾಷೆಯ ಮೇಲೆ ತೀರಿಸಿಕೊಳ್ಳಬೇಡಿ. ಬರದ ಕಥೆ ಹೇಳಿ, ಪಾಲಿನ ಕಥೆಯನ್ನೂ ಹೇಳಿ, ಕನ್ನಡದಲ್ಲೇ ಹೇಳಿ.

ನಮ್ಮ ಭಾನುವಾರದ ಕನ್ನಡ ತರಗತಿಯ ಮಕ್ಕಳನ್ನು ಮುಂದಿನ ತಿಂಗಳು ಕೇಡಗಾಂವ್‌ಗೆ ಕರೆದುಕೊಂಡು ಹೋಗುತ್ತಿದ್ದೇವೆ. ದೊಡ್ಡವರೂ ಬರಬೇಕು. ಊಟಕ್ಕೆ ಏಳುವ ಮುಂಚೆ ಕಾರ್ಯದರ್ಶಿಗಳ ಹತ್ತಿರ ಹೆಸರು ಬರೆಸಿ.